ಯಾರ ಭುಜಕ್ಕೆ ಈ ರೈಫಲ್?

ಹಾರ್ಲನ್ ಸ್ಟ್ರಾಂಡ್ ತನ್ನ ಶೆಡ್ಡಿನಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಅವನದೇ ಸುತ್ತಿಗೆ. ಅದರ ಮರದ ಕಾವನ್ನು ಯಾರೋ ಚೊಕ್ಕಟವಾಗಿ ಒರೆಸಿದ್ದರು.

ಡೆಪ್ಯುಟಿ ಶೆರಿಫ್ ವರ್ನಾ ಟಾಲಿವರ್ ಬಂದಾಗ ಬೆಳಗಿನ ಹನ್ನೊಂದೂವರೆ. ಎಲ್ಕ್ ಜಿಂಕೆಯ ಬೇಟೆಯ ಕಾಲಕ್ಕೆ ಇನ್ನು ಹತ್ತೇ ದಿನ. ಮೊಂಟಾನಾದ ಆ ಪುಟ್ಟ ಊರಿನ ಅರ್ಧದಷ್ಟು ರೈಫಲ್‌ಗಳು ಹಾರ್ಲನ್ ಕೈಯಲ್ಲೇ ಹುಟ್ಟಿದ್ದವು. ವರ್ನಾಳದೂ ಸಹ.

ಫೋನ್ ಮಾಡಿದವನು ಪಕ್ಕದ ಮನೆಯ ಬಾಯ್ಡ್ ಕೆಸ್ಲರ್. ಹೊರಗೆ ಟೋಪಿ ಹಿಸುಕುತ್ತಾ ನಿಂತಿದ್ದ.

“ಒಳಗೆ ಹೋದ್ರಾ?”

“ಇಲ್ಲಮ್ಮ. ಬಾಗಿಲು ತಳ್ಳಿದೆ, ಬಿದ್ದಿದ್ದು ಕಾಣಿಸ್ತು. ಹಂಗೇ ಓಡಿದೆ.”

“ಕೊನೇ ಸಲ ಮಾತಾಡಿದ್ದು?”

“ನಿನ್ನೆ ಸಂಜೆ, ಬೇಲಿ ಹತ್ರ. ತನಗೇ ಅಂತ ಹೊಸ ರೈಫಲ್ ಜೋಡಿಸ್ತಿದೀನಿ ಅಂದ. ಖುಷಿಯಾಗಿದ್ದ ಪಾಪ.”

ಡಾಕ್ಟರು ಮೈ ಮುಟ್ಟಿ ನೋಡಿದರು. ಪ್ರಾಣ ಹೋಗಿ ಎರಡು ಗಂಟೆಯೂ ಆಗಿಲ್ಲ ಎಂದರು. ಅವರೂ ವರ್ನಾಳೂ ಸೇರಿ ಹೆಣ ಹೊರಳಿಸಿದರು. ಎದೆಯಡಿ ರೈಫಲ್ಲಿನ ಹಿಂಬದಿಯ ಹಿಡಿ ಸಿಕ್ಕಿತು, ಭುಜಕ್ಕೆ ಆನಿಸಿಕೊಳ್ಳುವಂಥದ್ದು. ತೀರಾ ಮೋಟು. ಅದು ಬಂದ ಖಾಲಿ ಡಬ್ಬಿ ಕಸದ ಬುಟ್ಟಿಯಲ್ಲಿತ್ತು. ಕೊರಿಯರ್ ಚೀಟಿಯಲ್ಲಿ ಅವತ್ತಿನದೇ ತಾರೀಕು, ಒಂಬತ್ತೂ ನಲವತ್ತು.

ಏನೂ ಕಳುವಾಗಿರಲಿಲ್ಲ. ಮೇಜಿನ ಮೇಲೆ ಉಳಿದ ಬಿಡಿಭಾಗಗಳು ಸಾಲಾಗಿದ್ದವು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಹಾರ್ಲನ್‌ನ ಕೋಳಿಕಾಲು ಅಕ್ಷರ:

ನಳಿಗೆ: ತೆಳ್ಳಗಿನದು. ಭಾರ ಬೇಡ.
ಟ್ರಿಗರ್: ಮೆತ್ತಗಿರಲಿ.
ಒಡಲು: ಹಾರಿದ ಖಾಲಿ ತೋಟಾ ಎಡಕ್ಕೆ ಬೀಳಬೇಕು. ಮುಖದ ಮುಂದೆ ಹಾಯಬಾರದು.
ಹಿಡಿ: ಎರಡು ವಾಪಸ್ ಕಳಿಸಿದೆ. ಇನ್ನೂ ಗಿಡ್ಡದು ಬೇಕು.

ವರ್ನಾ ಮೂರು ಸಲ ಓದಿದಳು. ಪ್ರತಿ ಸಲವೂ ಗೊಂದಲ ಹೆಚ್ಚಿತು. ಹಾರ್ಲನ್ ಆರಡಿ ನಾಲ್ಕಂಗುಲದ ಆಳು. ಬಲಗೈಯವನು. ತೋಟಾ ಎಡಕ್ಕೆ ಬೀಳುವುದು ಎಡಗೈಯವರ ರೈಫಲ್ಲಿನಲ್ಲಿ. ಈ ರೈಫಲ್ ಅವನ ಭುಜಕ್ಕಿಟ್ಟರೆ ಆಟಿಕೆಯಂತೆ ಕಂಡೀತು. ಉಳಿದ ಎಲ್ಲ ಕೆಲಸದ ಕಾಗದಗಳಲ್ಲೂ ಗಿರಾಕಿಯ ಹೆಸರಿತ್ತು. ಇದರಲ್ಲಿ ಮಾತ್ರ ಇರಲಿಲ್ಲ.

ತನಗೇ ಎಂದು ಹಾರ್ಲನ್ ಸುಳ್ಳು ಹೇಳಿದ್ದನೇ? ಯಾಕೆ?

*

ಬಾಯ್ಡ್‌ನ ಹೆಂಡತಿ ಮೇವಿಸ್ ಕಾಫಿ ಬಗ್ಗಿಸಿದಳು. ಎಡಗೈಯಲ್ಲಿ. ವರ್ನಾ ಲೋಟ ಹಿಡಿದವಳು ಕುಡಿಯುವುದನ್ನೇ ಮರೆತಳು. ಮೇವಿಸ್‌ಳ ತಲೆ ತನ್ನ ಭುಜಕ್ಕೂ ಬರುವುದಿಲ್ಲ.

“ನಿಂಗೆ ಹಾರ್ಲನ್ ರೈಫಲ್ ಏನಾದ್ರೂ ಮಾಡ್ಕೊಡ್ತಿದ್ರಾ?”

“ನಂಗಾ?” ಮೇವಿಸ್ ಅತ್ತು ಕೆಂಪಾದ ಕಣ್ಣೆತ್ತಿದಳು. “ಢಂ ಅಂದ್ರೆ ಸಾಕು, ಮೇಜಿನ ಕೆಳಗೆ ಸೇರ್ಕೊಳ್ಳೋಳು ನಾನು. ಒಂಟಿ ಜೀವ ಅಂತ ವಾರಕ್ಕೆರಡು ಸಲ ಬ್ರೆಡ್ ಮಾಡಿ ಕೊಟ್ಟು ಬರ್ತಿದ್ದೆ. ಅಷ್ಟೇ ಕಣೆ.”

ಸುಳ್ಳು ಹೇಳುವವಳ ದನಿಯಲ್ಲ ಅದು. ಆದರೂ ಅಳತೆ ಅವಳದೇ.

ಬಾಯ್ಡ್ ಒಳಗೆ ಬಂದ. “ಏನಂತೆ?”

“ಆ ರೈಫಲ್ ಹಾರ್ಲನ್‌ಗೆ ಹೊಂದೋದೇ ಇಲ್ಲ, ಬಾಯ್ಡ್.”

“ವಯಸ್ಸಾಯ್ತಲ್ಲಮ್ಮ, ಕುಗ್ಗಿ ಹೋಗಿದ್ದ. ಅದಕ್ಕೇ ಆ ಮೋಟು ಹಿಡಿ.”

ವರ್ನಾ ತಲೆಯಾಡಿಸಿ ಎದ್ದಳು. ಕಾರಿನಲ್ಲಿ ಕೂತ ಮೇಲೂ ಏನೋ ಚುಚ್ಚುತ್ತಿತ್ತು. ಏನೆಂದು ಹೊಳೆಯಲಿಲ್ಲ.

*

ಹಾರ್ಲನ್‌ಗೆ ಇದ್ದದ್ದು ಒಬ್ಬಳೇ ಮಗಳು, ಸಿಗ್ನಿ. ಅಪ್ಪನೊಡನೆ ಜಗಳವಾಡಿ ಸ್ಪೋಕೇನ್ ನಗರ ಸೇರಿ ಹನ್ನೊಂದು ವರ್ಷ. ಸಾವಿನ ಸುದ್ದಿ ಹೇಳಬೇಕಾದ್ದು ವರ್ನಾಳ ಪಾಲಿಗೆ ಬಂತು.



“ಹೋದ ತಿಂಗಳು ಕಾಗದ ಬರೆದಿದ್ರು,” ಎಂದಳು ಸಿಗ್ನಿ ಫೋನಿನಲ್ಲಿ. “‘ತೋಳಿನ ಅಳತೆ ಕಳಿಸು, ಈ ಸಲ ಬೇಟೆಗೆ ಬಾ’ ಅಂತ. ಕಳಿಸಿದೆ. ಬರ್ತೀನಿ ಅಂತ ಮಾತ್ರ ಬರೀಲಿಲ್ಲ.”

“ಸಿಗ್ನಿ, ನೀನು ಎಡಗೈಯವಳಾ?”

“ಈಗ ಹೌದು. ಮರದ ಮಿಲ್ಲಲ್ಲಿ ಬಲಭುಜ ಜಜ್ಜಿ ಹೋಯ್ತು. ಅಳತೆ ಜೊತೆ ಅದನ್ನೂ ಬರೆದಿದ್ದೆ.”

ವರ್ನಾ ಫೋನಿಟ್ಟಳು. ಆಗ ಹೊಳೆಯಿತು, ಚುಚ್ಚುತ್ತಿದ್ದದ್ದು ಏನೆಂದು.

*

“ಬಾಯ್ಡ್, ಆ ಹಿಡಿ ಮೋಟು ಅಂತ ನಿಮಗೆ ಹೇಗೆ ಗೊತ್ತು?”

“ಕಂಡೆನಲ್ಲ, ಬಾಗಿಲಿಂದ.”

“ಕಾಣೋಕೆ ಸಾಧ್ಯವಿಲ್ಲ. ಅದು ಹಾರ್ಲನ್ ಎದೆ ಕೆಳಗಿತ್ತು. ನಾನು, ಡಾಕ್ಟರು ಬಿಟ್ರೆ ಯಾರೂ ನೋಡಿಲ್ಲ.”

“ಹಂಗಾದ್ರೆ ನಿನ್ನೆ...”

“ನಿನ್ನೆ ಅದು ಊರಿಗೇ ಬಂದಿರಲಿಲ್ಲ. ಇವತ್ತು ಒಂಬತ್ತೂ ನಲವತ್ತಕ್ಕೆ ಬಂತು. ಹತ್ತರ ಸುಮಾರಿಗೆ ಅವರು ಸತ್ತರು. ಆ ನಡುವೆ ಅದನ್ನ ಅವರ ಕೈಯಲ್ಲಿ ನೋಡಿದೋರು, ಹೊಡೆದೋರೇ. ತನಗೇ ಜೋಡಿಸ್ತಿದ್ದ ಅನ್ನೋ ಕತೆ ನಿಮ್ಮದು. ಯಾರಿಗೆ ಅನ್ನೋ ಪ್ರಶ್ನೆ ಏಳಲೇಬಾರದು ಅಂತ ಕಟ್ಟಿದಿರಿ. ಎದ್ದರೆ ಊರಿನ ಕಣ್ಣು ಮೊದಲು ಮೇವಿಸ್ ಕಡೆ ತಿರುಗುತ್ತೆ, ಆಮೇಲೆ ನಿಮ್ಮ ಕಡೆ.”

ಬಾಯ್ಡ್ ಕುರ್ಚಿ ಎಳೆದು ಕೂತ.

“ಯಾರಿಗೋ ಇದು ಅಂತ ಕೇಳಿದೆ. ನಕ್ಕ. ‘ಈಗ ಹೇಳಲ್ಲ, ಅವಳು ಬರಲಿ’ ಅಂದ. ಅವಳು ಅಂದ! ಗಿಡ್ಡ, ಎಡಗೈ... ಬೇರೆ ಯಾರಿದಾರೆ ಈ ಊರಲ್ಲಿ? ಬ್ರೆಡ್ಡಿನ ನೆಪ ಮಾಡ್ಕೊಂಡು ಹೋಗ್ತಿದ್ಲು...”

“ಅದು ಅವರ ಮಗಳಿಗೆ, ಬಾಯ್ಡ್. ಸಿಗ್ನಿಗೆ. ಬರ್ತಾಳೋ ಇಲ್ವೋ ಗೊತ್ತಿರಲಿಲ್ಲ. ಅದಕ್ಕೇ ಹೆಸರು ಹೇಳಲಿಲ್ಲ.”

  ಬಾಯ್ಡ್‌ನ ಕಣ್ಣು ಅತ್ತಿತ್ತ ಅಲೆದು ಅಡುಗೆಮನೆಯ ಬಾಗಿಲಲ್ಲಿ ನಿಂತಿತು. ಮೇವಿಸ್ ಅಲ್ಲಿದ್ದಳು. ಯಾವಾಗಿನಿಂದಲೋ.

“ಇಪ್ಪತ್ತಾರು ವರ್ಷ ಒಂದೇ ಮನೇಲಿದೀವಿ,” ಎಂದಳು, ಮೆಲ್ಲಗೆ. “ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಬಾಯ್ಡ್.”

ವರ್ನಾ ಕೈಕೋಳ ತೆಗೆದಳು. ಬಾಯ್ಡ್ ಎರಡೂ ಕೈ ಮುಂದೆ ಚಾಚಿದ. ಹೆಂಡತಿಯ ಕಡೆ ಮಾತ್ರ ಮತ್ತೆ ನೋಡಲಿಲ್ಲ.