ಕೆಂಪಿಗೆ ಗೊತ್ತಾದದ್ದು

ಅಮ್ಮ ಜೀನಿನಿಂದ ತೂಗುವ ರಿಕಾಪಿಗೆ ಕಾಲಿಡುವುದಕ್ಕೂ ಕೆಂಪಿ ಕುದುರೆ ಪಕ್ಕಕ್ಕೆ ಸರಿಯುವುದಕ್ಕೂ ಸರಿಹೋಯಿತು. ಮೂರನೇ ಸಲ!

“ಏನೇ ನಿನ್ನ ನಾಟಕ?” ಎಂದು ಅಮ್ಮ ಜೋರಾಗಿ ನಕ್ಕಳು. ಕೆಂಪಿ ಕಿವಿಗಳನ್ನು ಹಿಂದಕ್ಕೆ ಮಡಚಿತು.

ಮಗಳು ಬಾಲ ಬೇಲಿಯ ಮೇಲೆ ಕೂತು ನೋಡುತ್ತಿದ್ದಳು. ಸದಾ ಅಮ್ಮನ ಹಿಂದೆಯೇ ಸುತ್ತುವುದರಿಂದ ಅವಳಿಗೆ ಆ ಹೆಸರು. “ಕೆಂಪಿಗೊಂದು ಬಾಲ, ಟೀಚರಿಗೊಂದು ಬಾಲ” ಎಂದು ಅಮ್ಮ ಕಲಿಸುವ ಸವಾರಿ ಶಾಲೆಯಲ್ಲಿ ಎಲ್ಲರೂ ಕಿಚಾಯಿಸುತ್ತಿದ್ದರು. ಬೇಸಿಗೆಯಲ್ಲಿ ಕೆಂಪಿ ಮುಗ್ಗರಿಸಿ, ಅಮ್ಮ ಬಿದ್ದು ಕೈ ಮುರಿದುಕೊಂಡಿದ್ದಳು. ಕೆಲಸಕ್ಕೆ ವಾಪಸು ಬಂದದ್ದು ಇವತ್ತೇ.

ಶಾಲೆಯ ಯಜಮಾನರು ಮೊಬೈಲ್ ತೆಗೆದರು. “ಟೀಚರ್, ಇದು ಕೆಟ್ಟುಹೋಗಿದೆ. ನಿಮ್ಮನ್ನೇ ಹತ್ತಿಸಿಕೊಳ್ಳಲ್ಲ ಅಂದ್ರೆ ಮಕ್ಕಳನ್ನ ಹೇಗೆ ಕೂರಿಸೋದು? ಲಾರಿ ಕರೆಸಿ ಕಳಿಸಿಬಿಡ್ತೀನಿ.”

ಬಾಲ ಬೇಲಿಯನ್ನು ಬಿಗಿಯಾಗಿ ಹಿಡಿದಳು. ಕೆಂಪಿಯನ್ನು ಕಳಿಸೋದಾ? ಬೆಳಿಗ್ಗೆ ಒಂದನೇ ಕ್ಲಾಸಿನ ಪುಟಾಣಿ ಬೆನ್ನ ಮೇಲೆ ಕೂತು “ಅಯ್ಯೋ, ಭಯ!” ಎಂದು ಕಿರುಚಿದಾಗಲೂ ಅದು ಬಂಡೆಯಂತೆ ನಿಂತಿತ್ತು. ಈಗೇನಾಯಿತು?

ಅವಳು ಅಮ್ಮನನ್ನು ನೋಡಿದಳು. ಹಾಡು ಗುನುಗದೆ ಅಮ್ಮ ಕುದುರೆ ಹತ್ತಿದ್ದೇ ಇಲ್ಲ. ಇವತ್ತು ಗುನುಗಿರಲಿಲ್ಲ. ಬಾಯಿ ನಗುತ್ತಿತ್ತು, ಆದರೆ ಉಸಿರು ಬಿಗಿದಿತ್ತು.

ಬಾಲ ಕೆಳಗೆ ಧುಮುಕಿ ಓಡಿದಳು. “ಅಮ್ಮ, ನಿಂಗೆ ಭಯನಾ?”

“ನಂಗಾ? ಭಯನಾ? ಹೋಗೇ!”

ಕೆಂಪಿ ಇನ್ನೊಂದು ಹೆಜ್ಜೆ ಹಿಂದೆ ಸರಿಯಿತು.

ಬಾಲ ಅಮ್ಮನ ಕೈ ಹಿಡಿದಳು. “ಅಮ್ಮ... ನೀನು ಬಚ್ಚಿಡ್ತಿರೋದು ಅದಕ್ಕೆ ಗೊತ್ತಾಗ್ತಿದೆ.”

ಅಮ್ಮನ ನಗು ಇಳಿದುಹೋಯಿತು. ಅವಳು ಕೆಂಪಿಯನ್ನೇ ನೋಡುತ್ತಾ, “ಹೌದು ಕಣೇ, ಕೈಕಾಲು ನಡುಗ್ತಿದೆ” ಎಂದು ಉದ್ದಕ್ಕೆ ಉಸಿರು ಬಿಟ್ಟಳು.

ಕೆಂಪಿಯ ಕಿವಿಗಳು ಮುಂದಕ್ಕೆ ಬಂದವು. ಅದು ತಾನಾಗಿಯೇ ಹತ್ತಿರ ಬಂದು, ಆ ದೊಡ್ಡ ತಲೆಯನ್ನು ಅಮ್ಮನ ಎದೆಗೆ ಆನಿಸಿ, ತಾನೂ ಉಸಿರು ಬಿಟ್ಟಿತು. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಮೆತ್ತಗೆ! ಯಜಮಾನರ ಮೊಬೈಲ್ ಜೇಬು ಸೇರಿತು.

“ಲಾರಿ ಬೇಡ ಬಿಡಿ” ಎಂದರು ಕೊನೆಗೆ.

ಅಮ್ಮ ರಿಕಾಪಿಗೆ ಕಾಲಿಟ್ಟಳು. ಕೆಂಪಿ ಕದಲಲಿಲ್ಲ.

“ಒಂದು ರೌಂಡ್ ಹೋಗಿ ಬರ್ಲಾ?” ಅಮ್ಮ ಮೇಲಿಂದ ಕೇಳಿದಳು. “ನಿಂಗೇನೂ ಭಯ ಇಲ್ಲ ತಾನೇ?”

“ಚೂರೂ ಇಲ್ಲ!” ಬಾಲ ಹಲ್ಲು ಕಿರಿದಳು.

ಕೆಂಪಿಯ ಒಂದು ಕಿವಿ ಮೆಲ್ಲಗೆ ಅವಳ ಕಡೆ ತಿರುಗಿತು. ಆಮೇಲೆ ಆ ದೊಡ್ಡ ಕಪ್ಪು ಕಣ್ಣು.

ಬಾಲ ಬಾಯಿ ಮುಚ್ಚಿದಳು. ಹಿಡಿದುಕೊಂಡಿದ್ದ ಉಸಿರನ್ನೆಲ್ಲ ಬಿಟ್ಟಳು.

“ಮೆಲ್ಲಗೆ ಹೋಗಮ್ಮ” ಎಂದಳು. “ನಂಗೆ ತುಂಬಾ ಭಯ.”

ಕೆಂಪಿ ಮೆಲ್ಲಗೆ ಹೆಜ್ಜೆ ಹಾಕಿತು. ಮೇಲೆ ಅಮ್ಮ ಗುನುಗತೊಡಗಿದಳು.