ಮುತ್ತಗಿಯವರ ತಲೆ ಓದಿದ ಮನೋದರ್ಪಣ

ಮನೋದರ್ಪಣ ಯಂತ್ರವು ಮೊಟ್ಟಮೊದಲು ಓದಿದ ತಲೆ ರಾಷ್ಟ್ರೀಯ ಫುಟ್‌ಬಾಲ್ ಪರಿಷತ್ತಿನ ಅಧ್ಯಕ್ಷ ಅಡಿವೆಪ್ಪ ಮುತ್ತಗಿಯವರದು. ಹಾಗೆಂದು ಅದನ್ನು ಓದಿಸಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ನಮ್ಮಲ್ಲಿ ಯಾವುದೇ ವಸ್ತುವಿನ ಉದ್ಘಾಟನೆಯಾಗಬೇಕಾದರೆ ಮುಖ್ಯ ಅತಿಥಿ ಅದನ್ನು ತಾನೇ ಒಮ್ಮೆ ಬಳಸಿ ತೋರಿಸಬೇಕು. ಟ್ರ್ಯಾಕ್ಟರಾದರೆ ಹತ್ತಬೇಕು, ಹೊಲಿಗೆ ಯಂತ್ರವಾದರೆ ತುಳಿಯಬೇಕು, ಆಂಬುಲೆನ್ಸ್ ಆದರೂ ಒಳಗೊಮ್ಮೆ ಹೋಗಿ ಕೂತು ಬರಬೇಕು. ಆ ಪ್ರಕಾರ ಮುತ್ತಗಿಯವರು ಆಗಷ್ಟೇ ತೊಡಿಸಿದ್ದ ಮೈಸೂರು ಪೇಟವನ್ನು ತೆಗೆದು ಪಕ್ಕದವರ ಕೈಗೆ ಕೊಟ್ಟು, ಯಂತ್ರದ ಶಿರಸ್ತ್ರಾಣಕ್ಕೆ ತಲೆಯೊಡ್ಡಿದರು.

"ಏನ್ರೀ ಡಾಕ್ಟ್ರೇ, ತಲಿ ಬಿಸಿ ಆಗಂಗಿಲ್ಲಲ್ಲ?"

"ಇಲ್ಲ ಸರ್. ಸುಮ್ಮನೆ ಹಾಕ್ಕೊಳ್ಳಿ, ಸಾಕು. ಆನ್ ಮಾಡುದು ಬೇಡ," ಎಂದರು ಯಂತ್ರವನ್ನು ರೂಪಿಸಿದ ಡಾ. ಶಾಂಭವಿ ಉಪಾಧ್ಯ. ಉಡುಪಿ ಕಡೆಯವರು, ಮಿತಭಾಷಿ.

ಆದರೆ ಛಾಯಾಗ್ರಾಹಕ ಒಪ್ಪಲಿಲ್ಲ. ದೀಪ ಹತ್ತದೆ ಇದ್ದರೆ ಚಿತ್ರದಲ್ಲಿ ಅಧ್ಯಕ್ಷರು ಕುಕ್ಕರ್ ಹೊತ್ತಂತೆ ಕಾಣುತ್ತಾರೆ ಎಂದ. ಮುತ್ತಗಿಯವರಿಗೆ ಅದು ಸರಿಯೆನಿಸಿತು. "ಹಚ್ಚ್ರಿ, ಹಚ್ಚ್ರಿ," ಎಂದರು. ಶಾಂಭವಿ ಗುಂಡಿ ಒತ್ತಿದರು. ನೀಲಿ ದೀಪಗಳು ಸುತ್ತಲೂ ಓಡಿದವು, ಚಪ್ಪಾಳೆ ಬಿತ್ತು, ಎಲ್ಲರೂ ಉಪ್ಪಿಟ್ಟಿನ ಕಡೆಗೆ ನಡೆದರು.

ಯಂತ್ರದ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮನುಷ್ಯ ಗಾಬರಿಯಲ್ಲಿ ಏನು ಮಾಡುತ್ತಾನೆ, ಗೆದ್ದಾಗ ಹೇಗೆ ಬೀಗುತ್ತಾನೆ, ಯಾರ ಮಾತಿಗೆ ಬಗ್ಗುತ್ತಾನೆ ಎಂಬುದೆಲ್ಲ ಅವನ ಮಿದುಳಿನ ಹಾದಿಗಳಲ್ಲಿ ಬರೆದಿರುತ್ತದೆ. ಮನೋದರ್ಪಣ ಆ ಹಾದಿಗಳನ್ನು ಓದಿ ಅವನದೇ ಒಂದು 'ಛಾಯಾಮಾನಸ'ವನ್ನು ತನ್ನೊಳಗೆ ಕಟ್ಟುತ್ತದೆ. ಈ ಛಾಯಾಮಾನಸಕ್ಕೆ ಒಂದು ಹುದ್ದೆ ಕೊಟ್ಟರೆ, ನಾಲ್ಕು ವರ್ಷಗಳ ಸೋಲು ಗೆಲುವುಗಳನ್ನು ಅದು ಯಂತ್ರದ ಹೊಟ್ಟೆಯೊಳಗೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅನುಭವಿಸಿ ಮುಗಿಸುತ್ತದೆ. ಕೋಚ್ ಆಗಬಯಸುವವರನ್ನೆಲ್ಲ ಹೀಗೆ ಓಡಿಸಿ ನೋಡಿ, ಅತ್ಯುತ್ತಮನನ್ನು ಹೆಸರಿಸುವುದು ಅದರ ಕೆಲಸ.

ಅದು ಚಂದ್ರನ ಮೇಲೆ ಹೀರೆಕಾಯಿ ಬೆಳೆಯುತ್ತಿದ್ದ ಕಾಲ. ಆದರೂ ನಮ್ಮ ಫುಟ್‌ಬಾಲ್ ತಂಡ ಮಾತ್ರ ಅಜ್ಜಂದಿರ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಮುತ್ತಗಿಯವರು ಅಧ್ಯಕ್ಷರಾದ ಮೇಲೆ ಬಂದುಹೋದ ಕೋಚುಗಳ ಲೆಕ್ಕ ಅವರಿಗೇ ತಪ್ಪಿತ್ತು. ಒಬ್ಬ ಡೆನ್ಮಾರ್ಕಿನವನಂತೂ ವಿಮಾನದಲ್ಲಿದ್ದಾಗಲೇ ವಜಾ ಆಗಿ, ಇಳಿದ ಮೇಲೆ ಸ್ವಾಗತಕ್ಕೆ ಬಂದ ಹಾರವನ್ನೇ ಬೀಳ್ಕೊಡುಗೆಯ ಹಾರವಾಗಿ ಹಾಕಿಸಿಕೊಂಡು ವಾಪಸಾಗಿದ್ದ. ಪ್ರತಿ ಸೋಲಿಗೂ ಒಂದು ಬಲಿ, ಪ್ರತಿ ಬಲಿಗೂ ಮುತ್ತಗಿಯವರೇ ರಚಿಸಿದ ಒಂದು ವಾಕ್ಯ: 'ತಮ್ಮ ಅಮೂಲ್ಯ ಸೇವೆಯನ್ನು ಪರಿಷತ್ತು ಸದಾ ಸ್ಮರಿಸುತ್ತದೆ.' ಆ ವಾಕ್ಯದ ಬಗ್ಗೆ ಅವರಿಗೆ ತುಸು ಹೆಮ್ಮೆಯೂ ಇತ್ತು.

ಯಂತ್ರ ತರಿಸಿದ್ದು ಅವರದೇ ಯೋಚನೆ. ಇಷ್ಟೊಂದು ಕೋಚುಗಳನ್ನು ಆರಿಸಿದವರು ಯಾರು ಎಂದು ಪತ್ರಿಕೆಗಳು ಕೇಳತೊಡಗಿದ್ದವು. ಇನ್ನು ಮುಂದೆ ಯಂತ್ರವೇ ಆರಿಸುತ್ತದೆ, ಅದರ ಆಯ್ಕೆಯನ್ನು ಅಧ್ಯಕ್ಷರೂ ಸೇರಿದಂತೆ ಯಾರೂ ತಿರಸ್ಕರಿಸುವಂತಿಲ್ಲ ಎಂಬ ಠರಾವನ್ನು ಅವರೇ ಮಂಡಿಸಿ, ಮೇಜು ಕುಟ್ಟಿ ಪಾಸು ಮಾಡಿಸಿದ್ದರು.

ಯಂತ್ರ ಮೊದಲು ಆರಿಸಿದ್ದು ಗೋವಾದ ಪೆರೇರಾ ಎಂಬ ಶಾಂತಸ್ವಭಾವದ ಕೋಚನ್ನು. ಪತ್ರಿಕೆಗಳು ಹೊಗಳಿದವು. ತಂಡ ಸೋತಿತು. ಮತ್ತೆ ಸೋತಿತು. ನೇಪಾಳದ ಎದುರೂ ಸೋತಾಗ ಮುತ್ತಗಿಯವರು ರೂಢಿಯಂತೆ ಪೆರೇರಾನನ್ನು ಮನೆಗೆ ಕಳಿಸಿದರು. ಆದರೆ ಈ ಸಲ ಮದ್ದು ನಾಟಲಿಲ್ಲ. ಕೋಚ್ ಉತ್ತಮನೆಂದು ವಿಜ್ಞಾನವೇ ಹೇಳಿದೆಯಲ್ಲ, ಹಾಗಾದರೆ ತಪ್ಪು ಯಾರದು ಎಂದು ಜನ ಪರಿಷತ್ತಿನ ಗೇಟಿನ ಮುಂದೆ ಬಂದು ನಿಂತರು. ಕೆಲವರ ಕೈಯಲ್ಲಿ ಮುತ್ತಗಿಯವರ ಪ್ರತಿಕೃತಿಯಿತ್ತು, ಅದಕ್ಕೊಂದು ಪೇಟವನ್ನೂ ಕಟ್ಟಿದ್ದರು. ಇಷ್ಟು ವರ್ಷ ಕೂತ ಕುರ್ಚಿ ಮೊದಲ ಬಾರಿಗೆ ಅಲುಗಾಡಿತು.

ಅವರು ಶಾಂಭವಿಯವರನ್ನು ಕರೆಸಿದರು.

"ನಿಮ್ಮ ಯಂತ್ರ ನನ್ನ ಮಾನ ಕಳೀತಲ್ರೀ."

"ಯಂತ್ರದ ಲೆಕ್ಕ ಸರಿ ಉಂಟು ಸರ್. ಆಡುವ ಹನ್ನೊಂದು ಮಂದಿಯನ್ನು ಕೋಚೇ ಆರಿಸ್ತಾನೆ ಅಂತ ಅದು ಹಿಡ್ಕೊಂಡದ್ದು. ಪೆರೇರಾ ಅವರಿಗೆ ಎಷ್ಟು ಮಂದಿಯನ್ನು ಆರಿಸ್ಲಿಕ್ಕೆ ಬಿಟ್ಟಿದ್ದಿರಿ?"

ಮುತ್ತಗಿಯವರು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. "ಏಳು ಮಂದೀನ ಬಿಟ್ಟಿದ್ವಿ. ಒಬ್ಬ ಮನುಷ್ಯಾಗ ಏಳು ಮಂದಿ ಸಾಲಂಗಿಲ್ಲೇನ್ರೀ?"

ಉಳಿದ ನಾಲ್ವರು ಫೋನಿನಿಂದ ಬಂದವರು. ಮುತ್ತಗಿಯವರ ಫೋನು ಯಾವಾಗಲೂ ನಯವಾಗಿಯೇ ಇರುತ್ತಿತ್ತು: "ನಮ್ಮ ಹುಡುಗ ಒಬ್ಬವ ಅದಾನ. ನೋಡ್ರಿ, ಒತ್ತಾಯ ಏನಿಲ್ಲ." ಆ ಒತ್ತಾಯವಿಲ್ಲದ ಮಾತನ್ನು ಮೀರಿದ ಕೋಚ್ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಪರಿಷತ್ತು ಅವನ ಅಮೂಲ್ಯ ಸೇವೆಯನ್ನು ಸ್ಮರಿಸಿಯಾಗಿತ್ತು.

ಶಾಂಭವಿ ಹೇಳಿದ್ದರ ಅರ್ಥ ಮುತ್ತಗಿಯವರಿಗೆ ತಟ್ಟಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಬೆಳಕು ಹತ್ತಿತ್ತು. ನಾವು ಕೇಳಿದ ಪ್ರಶ್ನೆಯೇ ತಪ್ಪು, ಎಂದರು. ತಂಡವನ್ನು ಗೆಲ್ಲಿಸುವ ಕೋಚ್ ಯಾರಿಗೆ ಬೇಕು? ಕೋಚ್ ಇರುವುದು ಏತಕ್ಕೆ? ತೆಗೆಯುವುದಕ್ಕೆ. ತೆಗೆದಾಗ ಜನರ ಸಿಟ್ಟು ಇಳಿಯಬೇಕು, ಅಷ್ಟೆ.

"ನಿಮ್ಮ ಯಂತ್ರಕ್ಕ ಹಿಂಗ ಕೇಳ್ರಿ ಡಾಕ್ಟ್ರೇ: ಯಾರನ್ನ ಕೋಚ್ ಮಾಡಿ ಆಮ್ಯಾಲೆ ತೆಗದ್ರ ಈ ದೇಶದ ಮಂದಿಗೆ ಭಾಳ ಸಮಾಧಾನ ಆಗ್ತದ?"

ಶಾಂಭವಿ ಅವರ ಮುಖವನ್ನು ಒಂದು ಕ್ಷಣ ನೋಡಿದರು. "ಕೇಳ್ಬಹುದು. ಆದ್ರೆ ಉತ್ತರ ಬಂದ ಮೇಲೆ ನನ್ನನ್ನು ಬೈಬಾರ್ದು," ಎಂದರು.

ಜನರಿಗೆ ವಿಶ್ವಾಸ ಬರಲೆಂದು ಮುತ್ತಗಿಯವರು ಸಭೆಯನ್ನು ನೇರಪ್ರಸಾರ ಮಾಡಿಸಿದರು. ಯಂತ್ರ ತನ್ನಲ್ಲಿದ್ದ ಎಲ್ಲ ಛಾಯಾಮಾನಸಗಳನ್ನೂ ಕೋಚ್ ಮಾಡಿತು, ಎಲ್ಲರನ್ನೂ ತೆಗೆಯಿತು, ಪ್ರತಿ ಸಲವೂ ದೇಶದ ಸಂತೋಷವನ್ನು ಅಳೆಯಿತು. ಕಾಫಿ ಮುಗಿಯುವ ಹೊತ್ತಿಗೆ ಗೋಡೆಯಗಲದ ಪರದೆಯ ಮೇಲೆ ಹೆಸರು ಮೂಡಿತು: ಅಡಿವೆಪ್ಪ ಮುತ್ತಗಿ. ಎರಡನೆಯ ಸ್ಥಾನದಲ್ಲಿದ್ದವನಿಗೂ ಅವರಿಗೂ ಆಕಾಶ ಭೂಮಿಯ ಅಂತರವಿತ್ತು.

"ನಾ ಎಲ್ಲಿ ಅರ್ಜಿ ಹಾಕೇನ್ರೀ?" ಎಂದರು ಮುತ್ತಗಿಯವರು.

"ಉದ್ಘಾಟನೆಯ ದಿವಸ ಯಂತ್ರ ನಿಮ್ಮ ತಲೆ ಓದಿದ್ದು ಸರ್. ಅಳಿಸುದಾ ಅಂತ ಆವತ್ತೇ ಕೇಳಿದ್ದೆ. 'ಇರ್ಲಿ ಬಿಡ್ರಿ, ನನ್ನ ತಲಿ ಮುಂದ ದೇಶಕ್ಕ ಬೇಕಾಗ್ತದ' ಅಂದಿರಿ."

ಉಪಾಧ್ಯಕ್ಷ ನಂಜರಾಜಯ್ಯ ಎದ್ದು ನಿಂತರು. ಮಂಡ್ಯದ ಕಡೆಯವರು, ಮುತ್ತಗಿಯವರ ಪಕ್ಕದ ಕುರ್ಚಿಯಲ್ಲಿ ಕೂತು ಕೂತೇ ತಲೆ ನರೆತವರು. ಠರಾವಿನ ಪ್ರತಿ ಅವರ ಕೈಯಲ್ಲಿ ಸಿದ್ಧವಾಗಿತ್ತು.

"ಅಧ್ಯಕ್ಷರೂ ಸೇರಿದಂಗೆ ಯಾರೂ ತಿರಸ್ಕರಿಸಂಗಿಲ್ಲ ಅಂತ ನೀವೇ ಬರ್ಸಿದ್ದೀರಿ ಸಾರ್. ಒಬ್ರಿಗೆ ಎರಡು ಹುದ್ದೆನೂ ಇರಂಗಿಲ್ಲ. ನಿಮ್ ಭಾರ ನಾನೊತ್ಕೋತೀನಿ, ಬಿಡಿ." ಆಮೇಲೆ ಮೈಕಿಗೆ ಕೈ ಮುಚ್ಚಿ, "ಒಂದೊರ್ಸ ನಿಭಾಯ್ಸಿ ಸಾರ್. ನಾವೇಳ್ದಂಗೆ ನಡ್ಕೊಂಡ್ರೆ ಮುಂದಿನ ಎಲೆಕ್ಷನ್ನಲ್ಲಿ ಕುರ್ಚಿ ನಿಮ್ದೇ," ಎಂದರು.

ಕ್ಯಾಮೆರಾಗಳು ನೋಡುತ್ತಿದ್ದವು. ಮುತ್ತಗಿಯವರು ಬಿಟ್ಟಿ ಸಿಕ್ಕ ಬೇವಿನ ಕಷಾಯ ಕುಡಿದವರ ಹಾಗೆ ನಕ್ಕರು. ಹೇಗಾದರೂ ಮಾಡಿ ಆ ಕುರ್ಚಿಗೆ ಹಿಂದಿರುಗಬೇಕು ಎಂಬುದೊಂದೇ ಯೋಚನೆ ಅವರ ತಲೆಯಲ್ಲಿ ಉಳಿಯಿತು.

ಮಾರನೆಯ ವಾರ ಅವರು ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಬಂದರು. ಇಷ್ಟು ವರ್ಷಗಳಲ್ಲಿ ಅವರು ಒಂದೇ ಒಂದು ಪಂದ್ಯವನ್ನೂ ಕೊನೆಯವರೆಗೆ ನೋಡಿರಲಿಲ್ಲ. ಅಧ್ಯಕ್ಷರು ಮಧ್ಯಂತರಕ್ಕೆ ಆಟಗಾರರ ಕೈ ಕುಲುಕಿ, ಗೋಡಂಬಿ ತಿಂದು, ಮುಂದಿನ ಕಾರ್ಯಕ್ರಮಕ್ಕೆ ಹೊರಡುವುದು ಪದ್ಧತಿ. ಎರಡನೆಯ ಅರ್ಧ ಏನಾಗುತ್ತದೆಂದು ಅವರಿಗೆ ಯಾವಾಗಲೂ ಮರುದಿನದ ಪತ್ರಿಕೆಯಿಂದ ತಿಳಿಯುತ್ತಿತ್ತು, ಸಾಮಾನ್ಯವಾಗಿ ಕೆಟ್ಟ ಸುದ್ದಿಯಾಗಿ.

ಗೋಲ್‌ಕೀಪರ್ ಕ್ಲೆಮೆಂಟ್ ತಂಡದ ನಾಯಕ, ಬೆಂಗಳೂರಿನ ಆಸ್ಟಿನ್ ಟೌನಿನ ಗಲ್ಲಿಗಳಲ್ಲಿ ಆಡಿ ಬೆಳೆದವನು. ಮುತ್ತಗಿಯವರು ಅವನ ಪಕ್ಕದಲ್ಲಿ ನಿಂತು ಅಭ್ಯಾಸ ನೋಡಿದರು. ಎಡಗಡೆ ಆಡುವ ಒಬ್ಬ ಹಿಂಗಾವಲು ಆಟಗಾರನ ಹತ್ತಿರ ಚೆಂಡು ಹೋಗುತ್ತಲೇ ಇರಲಿಲ್ಲ.

"ಅವಗ ಯಾಕ ಚೆಂಡು ಕೊಡವಲ್ರಿ?"

ಕ್ಲೆಮೆಂಟ್ ಮುಜುಗರಪಟ್ಟ. "ಪ್ರದೀಪ ಸಾರ್. ನಿಮ್ಮ ಕಡೆ ಹುಡುಗ. ಕೊಡ್ಬೇಡ್ರೋ ಅಂತ ಅವ್ನೇ ಬೇಡ್ಕೊಳ್ತಾನೆ. ಕಳೆದ ಸಲ ಅವನ ಸೈಡಿಂದ ಮೂರು ಗೋಲ್ ಬಿತ್ತಲ್ಲ, ಆಗ ಸ್ಟೇಡಿಯಮ್ಮೇ ಎದ್ದು ನಿಂತು ಬೈತು. ಅವತ್ತಿಂದ ಮ್ಯಾಚ್ ದಿನ ಬೆಳಿಗ್ಗೆ ತಿಂದಿದ್ದು ನಿಲ್ಲಲ್ಲ ಅವನಿಗೆ. ಒಳ್ಳೆ ಹುಡುಗ ಸಾರ್. ಆಟ ಬರಲ್ಲ, ಅಷ್ಟೆ."

ಮುತ್ತಗಿಯವರಿಗೆ ಆ ಫೋನು ನೆನಪಿತ್ತು. ಹುಡುಗನ ಮಾವ ಸಹಕಾರಿ ಬ್ಯಾಂಕಿನ ನಿರ್ದೇಶಕ. ಉಪಕಾರ ಮಾಡಿದೆನೆಂದೇ ಅವರು ತಿಳಿದಿದ್ದರು. ಸಂಜೆ ಪ್ರದೀಪನನ್ನು ಕರೆದು, ಮನೆಗೆ ಹೋಗುತ್ತೀಯೇನೋ ಎಂದು ಕೇಳಿದರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. ತಂಡಕ್ಕೆ ಸೇರಿಸಿದಾಗಲೂ ಅವನು ಹೀಗೆ ಕಾಲು ಮುಟ್ಟಿರಲಿಲ್ಲ. ಮುತ್ತಗಿಯವರಿಗೆ ಆ ದಿನ ತಮ್ಮ ಮೇಲೆಯೇ ನಾಚಿಕೆಯಾಯಿತು.

ಉಳಿದ ಮೂವರು ಫೋನಿನ ಹುಡುಗರಿಗೂ ಬಿಡುಗಡೆ ಸಿಕ್ಕಿತು. ಆಟದ ವಿದ್ಯೆ ತಮಗೆ ತಿಳಿಯದೆಂಬುದು ಮುತ್ತಗಿಯವರಿಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ಪೆರೇರಾ ಕಲಿಸಿಟ್ಟು ಹೋಗಿದ್ದನ್ನೇ ಆಡಿರಪ್ಪ ಎಂದು ಹೇಳಿ, ನೀರಿನ ಬಾಟಲಿಗಳ ಪಕ್ಕದಲ್ಲಿ ಸುಮ್ಮನೆ ಕೂತರು. ದೇಶದ ಫುಟ್‌ಬಾಲ್ ಚರಿತ್ರೆಯಲ್ಲಿ ಪರಿಷತ್ತಿನಿಂದ ಬಂದ ಅತ್ಯಂತ ದೊಡ್ಡ ನೆರವು ಅದೇ ಇರಬೇಕು.

ಉಜ್ಬೇಕಿಸ್ತಾನದ ಜೊತೆ ಪಂದ್ಯವಿದ್ದ ದಿನ ಬೆಳಿಗ್ಗೆ ಫೋನು ಬಂತು. ನಂಜರಾಜಯ್ಯ.

"ನಮ್ ಉಡುಗ ಒಬ್ಬ ಅವ್ನೆ ಸಾರ್. ಎಡಗಡೆ ಜಾಗ ಖಾಲಿ ಐತಂತೆ. ನೋಡಿ, ಬಲವಂತ ಏನಿಲ್ಲ."

ಮುತ್ತಗಿಯವರಿಗೆ ತಮ್ಮದೇ ದನಿಯನ್ನು ಬೇರೆಯವರ ಬಾಯಲ್ಲಿ ಕೇಳಿದಂತಾಯಿತು.

"ಕುರ್ಚಿ ವಿಚಾರ ಮರ್ತಿಲ್ಲ ತಾನೆ ಸಾರ್?"

ಮರೆತಿರಲಿಲ್ಲ. ಆ ಕುರ್ಚಿಯ ಬಲಗೈಯ ಹತ್ತಿರ ತಮ್ಮ ಬೆರಳು ಸವರಿ ಸವರಿ ನುಣುಪಾದ ಜಾಗವೂ ಅವರಿಗೆ ನೆನಪಿತ್ತು. ಕಿಟಕಿಯಾಚೆ ಹುಡುಗರು ಬಸ್ಸು ಹತ್ತುತ್ತಿದ್ದರು. ಪ್ರದೀಪ ಮನೆಗೆ ಹೋಗಿರಲಿಲ್ಲ. ಎಲ್ಲರ ಬ್ಯಾಗುಗಳನ್ನು ಎತ್ತಿಕೊಡುತ್ತ, ಅಂದು ಮೊದಲ ಬಾರಿಗೆ ಇಡ್ಲಿ ತಿಂದು ದಕ್ಕಿಸಿಕೊಂಡ ಖುಷಿಯಲ್ಲಿ ಇದ್ದ.

"ಟೀಮ್ ಆಗೇತ್ರಿ ನಂಜರಾಜಯ್ಯಾರ," ಎಂದರು ಮುತ್ತಗಿ. "ಇನ್ನ ಜಾಗ ಇಲ್ಲ."

ಆ ಸಂಜೆ ಅವರು ತಮ್ಮ ಜೀವನದ ಮೊದಲ ಎರಡನೆಯ ಅರ್ಧವನ್ನು ನೋಡಿದರು. ಮೊದಲರ್ಧದಲ್ಲಿ ಒಂದು ಗೋಲು ತಿಂದಿದ್ದ ತಂಡ ಆಮೇಲೆ ಬಿದ್ದು ಎದ್ದು ಆಡಿತು. ಹುಡುಗರು ಕಾಲಿನ ಸ್ನಾಯು ಹಿಡಿದುಕೊಂಡರೂ ಓಡಿದರು, ಒಬ್ಬರನ್ನೊಬ್ಬರು ಬೈದುಕೊಂಡು ಓಡಿದರು. ಕೊನೆಗೆ ಕಾರ್ನರಿನಿಂದ ಬಂದ ಚೆಂಡಿಗೆ ಯಾರೋ ತಲೆ ಕೊಟ್ಟು ಗೋಲು ಹೊಡೆದರು. ಒಂದು, ಒಂದು. ಮುತ್ತಗಿಯವರು ಶಾಲು ಎಲ್ಲಿ ಬಿತ್ತೆಂದೂ ನೋಡದೆ ಕುಣಿದರು. ಪಂದ್ಯ ಸಮವಾಯಿತು, ಎಷ್ಟೋ ಕಾಲದ ಮೇಲೆ ತಂಡ ಸೋಲದೆ ಮೈದಾನದಿಂದ ಹೊರಬಂತು.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅವರ ಫೋನಿಗೆ ಸಂದೇಶ ಬಂತು. ಗೆಲ್ಲಬೇಕಾಗಿದ್ದ ಪಂದ್ಯವನ್ನು ಸಮ ಮಾಡಿಕೊಂಡ ಕಾರಣ ಅವರನ್ನು ಹುದ್ದೆಯಿಂದ ಬಿಡುಗಡೆಗೊಳಿಸಲಾಗಿದೆ. ತಮ್ಮ ಅಮೂಲ್ಯ ಸೇವೆಯನ್ನು ಪರಿಷತ್ತು ಸದಾ ಸ್ಮರಿಸುತ್ತದೆ. ಅವರು ಎರಡನೆಯ ವಾಕ್ಯವನ್ನು ಮತ್ತೊಮ್ಮೆ ಓದಿದರು. ಅದು ಎಷ್ಟು ಕೆಟ್ಟ ವಾಕ್ಯವೆಂದು ಆಗ ಗೊತ್ತಾಯಿತು.

ಅಷ್ಟರಲ್ಲಿ ಊರ ತುಂಬ ಪಟಾಕಿ ಸಿಡಿಯತೊಡಗಿತು. ಮುತ್ತಗಿಯವರು ಶಾಂಭವಿಯವರಿಗೆ ಫೋನು ಮಾಡಿ, ಪಟಾಕಿ ಏತಕ್ಕೆಂದು ಯಂತ್ರಕ್ಕೆ ಕೇಳಿ ಹೇಳಿರೆಂದರು. ಗೋಲಿಗೋ, ತಮ್ಮನ್ನು ತೆಗೆದದ್ದಕ್ಕೋ?

ಶಾಂಭವಿ ಯಂತ್ರವನ್ನು ನೋಡಿ ಉತ್ತರಿಸಿದರು. "ಜನಕ್ಕೆ ಖುಷಿ ಆಗಿದೆ ಅಂತ ಮಾತ್ರ ಅದಕ್ಕೆ ಗೊತ್ತಾಗುದು ಸರ್. ಯಾಕೆ ಅಂತ ಗೊತ್ತಾಗುದಿಲ್ಲ. ಗೋಲಿಗೆ ಅಂತ ಇಟ್ಕೊಳ್ಳಿ."

"ಗೋಲಿಗೇ ಸಾರ್," ಎಂದ ಹಿಂದಿನ ಸೀಟಿನಿಂದ ಕ್ಲೆಮೆಂಟ್. ಅವನಿಗೂ ಅಷ್ಟು ಖಚಿತವಿರಲಿಲ್ಲ.

ಮುಂದಿನ ಭಾನುವಾರ ಕ್ಲೆಮೆಂಟ್ ಅವರನ್ನು ಆಸ್ಟಿನ್ ಟೌನಿನ ಮೈದಾನಕ್ಕೆ ಕರೆದುಕೊಂಡು ಹೋದ. ಎರಡು ಗಲ್ಲಿಗಳ ನಡುವೆ ಪಂದ್ಯ. ಮುತ್ತಗಿಯವರು ಕಲ್ಲಿನ ಮೆಟ್ಟಿಲ ಮೇಲೆ, ಕಡಲೆಕಾಯಿ ಪೊಟ್ಟಣ ಹಿಡಿದು ಕೂತರು. ಮಧ್ಯಂತರದಲ್ಲಿ ಪಕ್ಕದವನ ಫೋನಿನಲ್ಲಿ ನೇರಪ್ರಸಾರ ಕಾಣಿಸಿತು: ಪರಿಷತ್ತಿನಲ್ಲಿ ಸುಧಾರಿತ ಮನೋದರ್ಪಣದ ಉದ್ಘಾಟನೆ. ನಂಜರಾಜಯ್ಯನವರ ತಲೆಯ ಮೇಲೆ ಹೊಸ ಪೇಟ. ಶಾಂಭವಿ ಏನೋ ಬೇಡವೆನ್ನುತ್ತಿದ್ದರು. ಛಾಯಾಗ್ರಾಹಕ ಮುಂದೆ ಬಂದು ದೀಪ ಹತ್ತಿಸಬೇಕೆಂದು ಕೈಸನ್ನೆ ಮಾಡುತ್ತಿದ್ದ. ಮುತ್ತಗಿಯವರಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದ ನಂಜರಾಜಯ್ಯ ಒಂದು ಕ್ಷಣ ಅನುಮಾನಿಸಿದರು. ಆದರೆ ಅಷ್ಟೊಂದು ಕ್ಯಾಮೆರಾಗಳಿದ್ದವು. ಅವರು ಪೇಟ ತೆಗೆದು ಪಕ್ಕದವರ ಕೈಗೆ ಕೊಟ್ಟರು.

ಮುತ್ತಗಿಯವರು ಜೇಬಿನಿಂದ ಫೋನು ತೆಗೆದು ನಂಜರಾಜಯ್ಯನವರ ಹೆಸರು ಹುಡುಕಿದರು. ಹಳೆಯ ಒಡನಾಡಿ, ಒಂದು ಮಾತು ಎಚ್ಚರಿಸಬೇಕು.

ಕೆಳಗೆ ಸೀಟಿ ಕೇಳಿಸಿತು. ಎರಡನೆಯ ಅರ್ಧ ಶುರುವಾಯಿತು. ಮುತ್ತಗಿಯವರು ಫೋನನ್ನು ಜೇಬಿಗೆ ಹಾಕಿ, ಮೆಟ್ಟಿಲಿನ ಅಂಚಿಗೆ ಸರಿದು ಕೂತರು.