ಮಗ್ಗದ ಹಿತ್ತಲಿನ ಎಕ್ಕ

ಎಕ್ಕದ ಕಾಯಿಯ ಅರಳೆಯಿಂದ ನೂಲು ತೆಗೆದವರು ಇಬ್ಬರು, ಹೆಸರು ಬಂದದ್ದು ಒಬ್ಬನಿಗೆ. ಭೀಮರಾಜುವಿನ ಹೊಟ್ಟೆಯುರಿಗೆ ಇಷ್ಟೇ ಕಾರಣ. ಊದಿದರೆ ಹಾರುವ, ಹಿಡಿದರೆ ಜಾರುವ ಆ ಅರಳೆಯನ್ನು ಹತ್ತಿಯೊಂದಿಗೆ ಬೆರೆಸಿ ಎಳೆ ನಿಲ್ಲಿಸಲು ಅವನೂ ತಿಪ್ಪೇಶನೂ ಕಳ್ಳಂಬೆಳ್ಳದ ಮಗ್ಗದ ಮನೆಯಲ್ಲಿ ವರ್ಷಗಟ್ಟಲೆ ಒದ್ದಾಡಿದ್ದರು. ಕೊನೆಗೆ ಶಾಲು ನೇಯ್ದು ಮೇಳಕ್ಕೆ ಒಯ್ದರೆ, ತಿಪ್ಪೇಶ ಮೈಕಿನ ಮುಂದೆ "ನಾನು ಕಂಡುಹಿಡಿದೆ" ಅಂದುಬಿಟ್ಟ. ಪಕ್ಕದಲ್ಲಿ ಭೀಮರಾಜು ಶಾಲು ಬಿಡಿಸಿ ಹಿಡಿದು ಗೊಂಬೆಯ ಹಾಗೆ ನಿಂತಿದ್ದ. ಇವನೊಬ್ಬ ಇಲ್ಲದಿದ್ದರೆ ನೂಲು ನನ್ನದು ಅನ್ನಿಸಿದ್ದು ಆಗಲೇ.

ಅವನು ಅವಸರ ಮಾಡಲಿಲ್ಲ. ಗೊಬ್ಬರಕ್ಕೆಂದು ಎಲ್ಲರೆದುರೇ ಮಗ್ಗದ ಮನೆಯ ಹಿತ್ತಲಲ್ಲಿ ಗುಂಡಿ ತೆಗೆದ. ಅಮಾವಾಸ್ಯೆಗೆ ಮಗ್ಗ ಮುಟ್ಟುವವರಿಲ್ಲ. ಅಂದು ಬಲಸಮುದ್ರದ ಕಡೆಯಿಂದ ತಿಪ್ಪೇಶ ಬೈಕಿನಲ್ಲಿ ಒಂದು ಚೀಲ ಕಾಯಿ ತಂದು ಇಳಿಸಿದಾಗ ಭೀಮರಾಜು ಒಬ್ಬನೇ ಇದ್ದ. ಹುರಿ ಮಾಡಿಟ್ಟಿದ್ದು ಇಬ್ಬರೂ ಕೂಡಿ ತೆಗೆದ ನೂಲನ್ನೇ. ತಿಪ್ಪೇಶನ ಕೊರಳಿಗೆ ಬಿಗಿದು ಅಷ್ಟು ಎಳೆದರೂ ಅದು ಹರಿಯಲಿಲ್ಲ. ಆ ಗಳಿಗೆಯಲ್ಲೂ ಭೀಮರಾಜುವಿಗೆ ಹೆಮ್ಮೆಯಾಯಿತು, ಪಾಪಿ.

ಹೆಣವನ್ನು ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದ. ಮಳೆಗೆ ಮಣ್ಣು ಕುಸಿದರೆ ಗುಟ್ಟು ಬಯಲಾಗುತ್ತದೆಂದು ಚೀಲದ ಕಾಯಿಗಳನ್ನೆಲ್ಲ ಮೇಲೆ ಸುರಿದು ತುಳಿದು, ತೆಳ್ಳಗೆ ಮಣ್ಣೆಳೆದ. ತಿಪ್ಪೇಶ ಊರಿಗೆ ಮರಳಿದ್ದನೆನ್ನಲು ಇದ್ದ ಒಂದು ಗುರುತು ಹಾಗೆ ಮಣ್ಣುಪಾಲಾಯಿತು. ಉಳಿದದ್ದು ಬೈಕು, ಅದನ್ನು ಹೊಳವನಹಳ್ಳಿ ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ ಬಂದ. ಯಾವುದೋ ಬಸ್ಸು ಹತ್ತಿ ಹೋಗಿದ್ದಾನೆ ಎಂದರು ಪೊಲೀಸರು.

ನೂಲು ಅವನದಾಯಿತು. ನೆಮ್ಮದಿ ಆಗಲಿಲ್ಲ. ಗಾಳಿ ಬೀಸಿದಾಗೆಲ್ಲ ಅರಳೆ ಎದ್ದು ತಿಪ್ಪೇಶ ಕೂರುತ್ತಿದ್ದ ಹಲಗೆಯ ಮೇಲೇ ಇಳಿಯುತ್ತಿತ್ತು. ಗುಡಿಸಿದಷ್ಟೂ ಬಂದು ಕೂರುತ್ತಿತ್ತು. ತಿಪ್ಪೇಶನ ಹೆಂಡತಿ ಶ್ರೀಲತಾ ನೂಲು ಸುತ್ತುತ್ತಾ ದಿನವೂ ಕೇಳುವಳು: "ಏನಾರ ಸುದ್ದಿ ಬಂತೇನಣ್ಣ?" ಅವನು ಪೊರಕೆ ಹಿಡಿದು ಮತ್ತೆ ಹಲಗೆ ಗುಡಿಸುವನು.

ಮೊದಲ ಮಳೆಗೆ ಗುಂಡಿಯ ಮೇಲೆ ಎಕ್ಕದ ಸಸಿಗಳೆದ್ದಾಗ ಕೀಳಲು ಕೈ ಹಾಕಿದ. ಆಮೇಲೆ ತನ್ನಷ್ಟಕ್ಕೆ ತಾನೇ ನಕ್ಕ. ಈ ಸೀಮೆಯಲ್ಲಿ ಎಕ್ಕ ಎಲ್ಲಿಲ್ಲ? ದನ ಮೂಸದ ಗಿಡ, ಯಾರು ತಿರುಗಿ ನೋಡುತ್ತಾರೆ? ಕಿತ್ತರೆ ಮಣ್ಣು ಕದಡುತ್ತದೆ. ಬೆಳೆಯಲಿ, ಮರೆಯಾಗಲಿ ಎಂದು ಬಿಟ್ಟ.

ಮರುವರ್ಷ ಒಂದು ಬೆಳಗ್ಗೆ ಅವನು ಮಗ್ಗದ ಮನೆಗೆ ಬಂದಾಗ ಹಿತ್ತಲಿಂದ ಶ್ರೀಲತಾ ಕೂಗಿದಳು. "ಅಣ್ಣಾ, ಬಾ ಇಲ್ಲಿ! ಬಿಳಿ ಎಕ್ಕ ಕಣಣ್ಣ, ಹೂ ಬುಟ್ಟೈತೆ!" ಭೀಮರಾಜು ಓಡಿ ಬಂದು ನೋಡಿದ. ಊರೆಲ್ಲ ಇರುವುದು ನೇರಳೆ ಹೂವಿನ ಎಕ್ಕ. ತಿಪ್ಪೇಶ ಅಂದು ಹುಡುಕಿ ತಂದದ್ದು ಅಪರೂಪದ ಬಿಳಿ ಎಕ್ಕದ ಕಾಯಿ. ಕಾಯಿ ನೋಡಿದರೆ ಎರಡೂ ಒಂದೇ, ಭೀಮರಾಜುವಿಗೆ ಹೊಳೆದಿರಲೇ ಇಲ್ಲ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿ ಮೂಡುತ್ತಾನೆಂದು ನಂಬದವರು ಆ ಊರಲ್ಲಿ ಯಾರೂ ಇರಲಿಲ್ಲ. ಪೂಜಾರಿ ಚಿಕ್ಕರಂಗಯ್ಯ ಆಗಲೇ ಬಂದು ಗಿಡಕ್ಕೆ ಅರಿಶಿನ ಹಚ್ಚುತ್ತಿದ್ದ, ಸುತ್ತ ಹೆಂಗಸರು ಆರತಿ ಹಿಡಿದು ನಿಂತಿದ್ದರು. "ಗಣಪ್ಪನ್ನ ತಗುದು ಪೂಜೆ ಮಾಡಿದ್ರೆ ನಮ್ಮೋರು ಎಲ್ಲಿದ್ರೂ ಬತ್ತಾರಂತೆ," ಎಂದು ಶ್ರೀಲತಾ ಕಣ್ಣೊರೆಸಿಕೊಂಡಳು. ಚಿಕ್ಕರಂಗಯ್ಯ ಗುದ್ದಲಿ ಹಿಡಿದ ಆಳಿಗೆ ಹೇಳಿದ: "ಬೇರು ತುಂಡಾಗ್ಬಾರ್ದು ಕಣ್ಲಾ, ಆಳುಕ್ಕೆ ಅಗಿ."